ಪರದೆ ಬಂತು, ಮೇಷ್ಟ್ರ ತಯಾರಿ ಎಲ್ಲಿಗೆ ಬಂತು?

ಜಿಲ್ಲಾ ಕೇಂದ್ರದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕಟ್ಟಡದ ಮಹಡಿ. ಕಂಪ್ಯೂಟರ್ ಕೊಠಡಿಯ ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ಒಳಗೆ ನಾಲ್ಕೈದು ತಾಲ್ಲೂಕುಗಳಿಂದ ಬಂದ ಪ್ರೌಢಶಾಲಾ ಶಿಕ್ಷಕರು ಒಂದೊಂದು ಲ್ಯಾಪ್‌ಟಾಪಿಗೆ ಇಬ್ಬರಂತೆ ಕೂತಿದ್ದಾರೆ. ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವ ಗಣಿತದ ಮೇಷ್ಟ್ರೊಬ್ಬರು ಮೌಸ್ ಮೇಲೆ ಬೆರಳಿಟ್ಟು ಪಕ್ಕದ ಕಿರಿಯ ಸಹೋದ್ಯೋಗಿಯನ್ನು ಕೇಳುತ್ತಾರೆ: ‘ಇದನ್ನ ಒತ್ತಿದ್ರೆ ಎಲ್ಲಾ ಅಳಿಸಿಹೋಗಲ್ಲ ತಾನೇ ಮೇಡಂ?’ ‘ಹೋಗಲ್ಲ ಸರ್, ಹೋದ್ರೂ ವಾಪಸ್ ತರಬಹುದು. ಒತ್ತಿ.’

ಒತ್ತುತ್ತಾರೆ. ಪರದೆಯ ಮೇಲೆ ಒಂದು ವೃತ್ತ, ಅದರ ವ್ಯಾಸ, ಪರಿಧಿಯ ಮೇಲೊಂದು ಬಿಂದು. ಬಿಂದುವಿನಿಂದ ವ್ಯಾಸದ ಎರಡೂ ತುದಿಗೆ ಗೆರೆ ಎಳೆದಾಗ ಕೋನ 90 ಡಿಗ್ರಿ ಎಂದು ತೋರಿಸುತ್ತದೆ. ಬಿಂದುವನ್ನು ಹಿಡಿದು ಎಡಕ್ಕೆ, ಬಲಕ್ಕೆ ಎಳೆಯುತ್ತಾರೆ. ಗೆರೆಗಳು ಉದ್ದವಾಗುತ್ತವೆ, ಗಿಡ್ಡವಾಗುತ್ತವೆ, ತ್ರಿಭುಜ ಕುಗ್ಗುತ್ತದೆ, ಹಿಗ್ಗುತ್ತದೆ. ಕೋನ ಮಾತ್ರ 90ರಲ್ಲೇ ನಿಂತಿದೆ. ಅರ್ಧವೃತ್ತದೊಳಗಿನ ಕೋನ ಲಂಬಕೋನ ಎಂಬ ಈ ಪ್ರಮೇಯವನ್ನು ಅವರು ಸೇವೆಯುದ್ದಕ್ಕೂ ಕರಿಹಲಗೆಯ ಮೇಲೆ ಸಾಧಿಸಿದ್ದಾರೆ. ಇಂದು ಅದನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದ್ದಾರೆ. ‘ನಮ್ಮ ಹುಡುಗ್ರು ಇದನ್ನ ತಾವೇ ಎಳೆದು ನೋಡ್ಬೇಕು’ ಎನ್ನುವಾಗ ಅವರ ದನಿಯಲ್ಲಿ ಉತ್ಸಾಹ ತುಂಬಿರುತ್ತದೆ.

ಕರ್ನಾಟಕದ ಡಯಟ್‌ಗಳಲ್ಲಿ ಇಂಥ ದೃಶ್ಯ ಅಪರೂಪವೇನಲ್ಲ. ತರಬೇತಿ ಮುಗಿಸಿ ಆ ಮೇಷ್ಟ್ರು ತಮ್ಮ ಶಾಲೆಗೆ ಮರಳುತ್ತಾರಲ್ಲ, ಆ ಸೋಮವಾರ ಏನಾಗುತ್ತದೆ ಎಂಬುದು ಮುಖ್ಯ. ಅಲ್ಲಿ ಪ್ರೊಜೆಕ್ಟರ್ ಬೀರುವಿನಲ್ಲಿ ಭದ್ರವಾಗಿದೆಯೋ, ಗೋಡೆಯ ಮೇಲಿದೆಯೋ? ಕಲಿತದ್ದನ್ನು ಪ್ರಯೋಗಿಸಲು ವೇಳಾಪಟ್ಟಿಯಲ್ಲಿ ಎಡೆಯಿದೆಯೇ? ಎಲ್ಲೋ ತೊಡಕಾದರೆ ಯಾರನ್ನು ಕೇಳಬೇಕು? ಶಾಲೆಗೆ ತಂತ್ರಜ್ಞಾನ ಬಂತು ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಪೆಟ್ಟಿಗೆಗಳ ಲೆಕ್ಕ ಕೊಡುತ್ತೇವೆ. ಪೆಟ್ಟಿಗೆ ಒಂದು ದಿನದಲ್ಲಿ ಲಾರಿಯಿಂದ ಇಳಿಯುತ್ತದೆ. ಅದನ್ನು ಪಾಠಕ್ಕೆ ಒಗ್ಗಿಸಿಕೊಳ್ಳಲು ಶಿಕ್ಷಕರಿಗೆ ವರ್ಷಗಳು ಬೇಕು, ಜೊತೆಗಾರರು ಬೇಕು. ಆ ವರ್ಷಗಳಿಗೆ ನಾವು ಹಣವನ್ನೂ ಕೊಟ್ಟಿಲ್ಲ, ಪುರಸೊತ್ತನ್ನೂ ಕೊಟ್ಟಿಲ್ಲ.

ಮೊದಲು ಬಂದದ್ದು ಪೆಟ್ಟಿಗೆ

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದು ನಾಲ್ಕು ದಶಕವಾಯಿತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳನ್ನು ಆರಿಸಿ, ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳನ್ನು ಕೊಟ್ಟಿತು. ಕರ್ನಾಟಕದಲ್ಲಿ ಈ ವಿಚಾರ ದೊಡ್ಡ ಪ್ರಮಾಣದಲ್ಲಿ ಸರ್ಕಾರಿ ಶಾಲೆಗೆ ಕಾಲಿಟ್ಟದ್ದು ಈ ಶತಮಾನದ ಆರಂಭದಲ್ಲಿ, ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ತಲುಪಿದ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐ.ಸಿ.ಟಿ. ಅಟ್ ಸ್ಕೂಲ್ಸ್’ ಯೋಜನೆ ಬಂತು. ಅದು ಈಗ ಸಮಗ್ರ ಶಿಕ್ಷಣದ ಒಂದು ಭಾಗ.

ಈ ಯೋಜನೆಗಳು ನಡೆದ ಬಗೆಯನ್ನು ಸ್ವಲ್ಪ ಗಮನಿಸಬೇಕು. ಹಲವೆಡೆ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಸಂಸ್ಥೆಯವರೇ ಯಂತ್ರ ತಂದು ಜೋಡಿಸಬೇಕು, ತಮ್ಮದೇ ಬೋಧಕರನ್ನಿಟ್ಟು ಕೆಲವು ವರ್ಷ ನಡೆಸಬೇಕು, ಆಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗಬೇಕು. ಲೆಕ್ಕಪತ್ರದಲ್ಲಿ ಇದು ಸುಲಭದ ವ್ಯವಸ್ಥೆ. ಆದರೆ ಕಂಪ್ಯೂಟರ್ ಪೀರಿಯಡ್ ಬಂದಾಗ ಮಕ್ಕಳು ಹೊರಗಿನ ಬೋಧಕರ ಬಳಿಗೆ ಹೋಗುತ್ತಿದ್ದರು. ಗಣಿತ, ವಿಜ್ಞಾನ, ಸಮಾಜದ ಮೇಷ್ಟ್ರುಗಳು ಆ ಕೋಣೆಗೆ ಹೋಗಲು ಕಾರಣವೇ ಇರಲಿಲ್ಲ. ಮಕ್ಕಳು ಪೇಂಟ್ ತೆರೆದು ಚಿತ್ರ ಬಿಡಿಸುವುದನ್ನು, ಹೆಸರು ಟೈಪ್ ಮಾಡುವುದನ್ನು ಕಲಿತರು. ಗುತ್ತಿಗೆಯ ಅವಧಿ ಮುಗಿದಾಗ ಬೋಧಕರು ಹೋದರು, ಹಳತಾದ ಯಂತ್ರಗಳು ಉಳಿದವು. ಅಷ್ಟು ವರ್ಷ ಪಕ್ಕದ ಕೋಣೆಯಲ್ಲೇ ನಡೆದ ಕೆಲಸ ಶಾಲೆಯ ಕಾಯಂ ಶಿಕ್ಷಕರ ಕೈಗೆ ಬರಲೇ ಇಲ್ಲ.

ಇದೇ ಹೊತ್ತಿನಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಬೇರೊಂದು ಪ್ರಯೋಗ ನಡೆಯಿತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಆ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳ ಟಿ.ವಿ.ಗಳಿಗೆ ಪಾಠಗಳು ಬಂದವು. ಬಿಳಿಗಿರಿರಂಗನ ಬೆಟ್ಟದ ಸೆರಗಿನ ಊರುಗಳಿಗೂ ಆಕಾಶದಿಂದ ಪಾಠ ಇಳಿಯುವುದೆಂದರೆ ಸಣ್ಣ ಸಾಧನೆಯಲ್ಲ. ಆದರೂ ಪಾಠ ಬರುವ ಹೊತ್ತಿಗೂ ತರಗತಿಯ ಗತಿಗೂ ತಾಳೆಯಾಗಬೇಕು, ನಡುವೆ ನಿಲ್ಲಿಸಿ ‘ಈಗ ಹೇಳಿ ನೋಡೋಣ’ ಎಂದು ಕೇಳುವ ಅವಕಾಶ ಶಿಕ್ಷಕರಿಗೆ ಇರಬೇಕು. ಬಿತ್ತರವಾಗುವ ಪಾಠದಲ್ಲಿ ಅದಕ್ಕೆ ಜಾಗ ಕಡಿಮೆ.

ಬಲ್ಬು ವಿದ್ಯುತ್ತನ್ನು ತಿಂದುಬಿಡುತ್ತದೆಯೇ?

ತಂತ್ರಜ್ಞಾನದ ತರಬೇತಿ ಎಂದ ಕೂಡಲೇ ನಮಗೆ ನೆನಪಾಗುವುದು ಫೋಲ್ಡರ್ ಮಾಡುವುದು, ಸ್ಲೈಡ್ ಜೋಡಿಸುವುದು, ಮೇಲ್ ಕಳಿಸುವುದು. ಇವು ಬೇಕು. ಇವುಗಳಿಂದ ಪಾಠ ಬದಲಾಗುವುದಿಲ್ಲ.

ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ ಒಂದು ಮಾತು ಎತ್ತಿದರು: ವಿಷಯ ಗೊತ್ತಿರುವುದು ಬೇರೆ, ಪಾಠ ಹೇಳುವ ವಿಧಾನ ಗೊತ್ತಿರುವುದು ಬೇರೆ, ಇಂಥ ವಿಷಯವನ್ನು ಇಂಥ ಮಕ್ಕಳಿಗೆ ಹೇಗೆ ಮುಟ್ಟಿಸಬೇಕು, ಅವರು ಎಲ್ಲಿ ಎಡವುತ್ತಾರೆ ಎಂಬುದು ಶಿಕ್ಷಕರಿಗೆ ಮಾತ್ರ ದಕ್ಕುವ ಮೂರನೆಯ ಬಗೆಯ ಅರಿವು. ಇಪ್ಪತ್ತು ವರ್ಷಗಳ ನಂತರ, 2006ರಲ್ಲಿ, ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಯ್ಲರ್ ಇದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಕಂಪ್ಯೂಟರಿನ ತಿಳಿವಳಿಕೆಯನ್ನು ಪ್ರತ್ಯೇಕವಾಗಿ ಕಲಿಸಿದರೆ ಅದು ಪ್ರತ್ಯೇಕವಾಗಿಯೇ ಉಳಿಯುತ್ತದೆ. ವಿಷಯ, ವಿಧಾನ, ಯಂತ್ರ ಮೂರನ್ನೂ ಒಂದೇ ಪಾಠದೊಳಗೆ ಬೆಸೆಯುವುದನ್ನು ಕಲಿಸಬೇಕು ಎಂಬುದು ಅವರ ವಾದದ ಸಾರ. ಇಂದು ಜಗತ್ತಿನ ಹಲವು ದೇಶಗಳ ಶಿಕ್ಷಕ ತರಬೇತಿ ಈ ವಾದದ ಮೇಲೆ ನಿಂತಿದೆ.

ಇದು ಕಾಗದದ ಮೇಲಿನ ಸಿದ್ಧಾಂತವಾಗಿ ಕಾಣಬಹುದು. ಹತ್ತನೆಯ ತರಗತಿಯ ವಿದ್ಯುತ್ ಪಾಠಕ್ಕೆ ಬನ್ನಿ. ಬ್ಯಾಟರಿಯಿಂದ ಹೊರಟ ವಿದ್ಯುತ್ತಿನಲ್ಲಿ ಸ್ವಲ್ಪವನ್ನು ಬಲ್ಬು ಖರ್ಚು ಮಾಡಿಕೊಳ್ಳುತ್ತದೆ, ಉಳಿದದ್ದು ಮಾತ್ರ ಹಿಂತಿರುಗುತ್ತದೆ ಎಂದು ಬಹಳ ಮಕ್ಕಳು ಮನಸ್ಸಿನಲ್ಲೇ ನಂಬಿರುತ್ತಾರೆ. ಪರೀಕ್ಷೆಯಲ್ಲಿ ಸೂತ್ರ ಹಾಕಿ ಲೆಕ್ಕ ಮಾಡಿದವರೂ ಹೀಗೇ ನಂಬಿರಬಹುದು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ‘ಫೆಟ್’ ಎಂಬ ಉಚಿತ ತಂತ್ರಾಂಶ ಸಂಗ್ರಹದಲ್ಲಿ ವಿದ್ಯುತ್ ಮಂಡಲ ಕಟ್ಟುವ ಆಟವೊಂದಿದೆ. ತಂತಿ, ಬ್ಯಾಟರಿ, ಬಲ್ಬು, ಅಮ್ಮೀಟರ್ ಎಲ್ಲವನ್ನೂ ಪರದೆಯ ಮೇಲೆ ಜೋಡಿಸಬಹುದು.

ಯಂತ್ರವಷ್ಟೇ ಗೊತ್ತಿರುವ ಶಿಕ್ಷಕರು ಮಂಡಲ ಕಟ್ಟಿ, ಬಲ್ಬು ಬೆಳಗಿಸಿ, ‘ನೋಡಿದಿರಾ ಮಕ್ಕಳೇ’ ಎಂದು ಮುಂದೆ ಹೋಗುತ್ತಾರೆ. ಮಕ್ಕಳ ಮನಸ್ಸು ಬಲ್ಲ ಶಿಕ್ಷಕರು ಬಲ್ಬಿನ ಈಚೆಗೊಂದು, ಆಚೆಗೊಂದು ಅಮ್ಮೀಟರ್ ಇಟ್ಟು, ಸ್ವಿಚ್ ಒತ್ತುವ ಮೊದಲು ನಿಲ್ಲುತ್ತಾರೆ. ‘ಎರಡರಲ್ಲಿ ಯಾವುದು ಜಾಸ್ತಿ ತೋರಿಸುತ್ತೆ? ನೋಟ್‌ಬುಕ್ಕಿನಲ್ಲಿ ಬರೀರಿ, ಆಮೇಲೆ ಒತ್ತೋಣ.’ ಮಕ್ಕಳು ಬರೆಯುತ್ತಾರೆ, ಪಕ್ಕದವರೊಡನೆ ಜಗಳ ಕಾಯುತ್ತಾರೆ. ಸ್ವಿಚ್ ಒತ್ತಿದಾಗ ಎರಡೂ ಒಂದೇ ಅಂಕಿ ತೋರಿಸುತ್ತವೆ. ‘ಹಾಗಾದ್ರೆ ಬಲ್ಬು ಬೆಳಗೋಕೆ ಖರ್ಚಾಗಿದ್ದು ಏನು ಸರ್?’ ಎಂಬ ಪ್ರಶ್ನೆ ಆಗ ಮಕ್ಕಳ ಕಡೆಯಿಂದಲೇ ಬರುತ್ತದೆ. ಪಾಠ ಶುರುವಾಗುವುದು ಅಲ್ಲಿಂದ.

ಎರಡೂ ತರಗತಿಯಲ್ಲಿ ಯಂತ್ರ ಒಂದೇ, ತಂತ್ರಾಂಶವೂ ಒಂದೇ. ಒಂದು ಕಡೆ ಶಿಕ್ಷಕರಿಗೆ ಯಾವಾಗ ನಿಲ್ಲಬೇಕು ಎಂಬುದು ಗೊತ್ತಿತ್ತು. ಇದು ಕೈಪಿಡಿ ಓದಿ ಬರುವಂಥದ್ದಲ್ಲ. ಬೇರೆ ವಿಜ್ಞಾನ ಶಿಕ್ಷಕರೊಡನೆ ಕೂತು, ‘ನಿಮ್ಮ ಮಕ್ಕಳು ಎಲ್ಲಿ ತಪ್ಪುತ್ತಾರೆ?’ ಎಂದು ಮಾತಾಡಿ, ಪಾಠ ಮಾಡಿ ನೋಡಿ, ತಿದ್ದಿಕೊಂಡು ಬರುವಂಥದ್ದು. ಆದ್ದರಿಂದ ಒಳ್ಳೆಯ ತರಬೇತಿ ವಿಷಯದ ಪ್ರಶ್ನೆಯಿಂದ ಆರಂಭವಾಗುತ್ತದೆ, ಯಂತ್ರ ನಡುವೆ ಎಲ್ಲೋ ಬರುತ್ತದೆ.

ವಿಜ್ಞಾನ, ಗಣಿತಕ್ಕಷ್ಟೇ ಇದು ಅನ್ವಯಿಸುವುದಿಲ್ಲ. ಸಮಾಜ ವಿಜ್ಞಾನದ ಶಿಕ್ಷಕಿ ‘ಓಪನ್ ಸ್ಟ್ರೀಟ್ ಮ್ಯಾಪ್’ ತೆರೆದು ಮಕ್ಕಳ ಊರನ್ನು ಹುಡುಕಿಸಿದರೆ, ಊರ ಕೆರೆಗೆ ಅಲ್ಲಿ ಹೆಸರೇ ಇಲ್ಲದಿರಬಹುದು. ಹೆಸರು ಸೇರಿಸುವ ಕೆಲಸವೇ ಭೂಗೋಳದ ಪಾಠವಾಗುತ್ತದೆ. ಕನ್ನಡದ ಮೇಷ್ಟ್ರಿಗೆ ಫೋನೊಂದಿದ್ದರೆ ಸಾಕು, ಅಜ್ಜಿಯರ ಸೋಬಾನೆ ಪದಗಳನ್ನು ಮಕ್ಕಳಿಂದ ದಾಖಲಿಸಿ, ತರಗತಿಯಲ್ಲಿ ಕೇಳಿಸಿ, ಆಡುಮಾತಿನ ಸೊಗಸನ್ನು ಬರೆಸಬಹುದು. ಇದಕ್ಕೆ ದುಬಾರಿ ಪರದೆ ಬೇಕಿಲ್ಲ.

ಪಕ್ಕದ ಕೇರಳ ಹಿಡಿದ ದಾರಿ

ಕೇರಳ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ಆರಂಭಿಸಿದಾಗ ಒಂದು ನಿರ್ಧಾರ ತೆಗೆದುಕೊಂಡಿತು: ಹೊರಗಿನ ಕಂಪ್ಯೂಟರ್ ಬೋಧಕರನ್ನು ನೆಚ್ಚಿಕೊಳ್ಳದೆ ಶಾಲೆಯ ಶಿಕ್ಷಕರನ್ನೇ ತಯಾರು ಮಾಡುವುದು. ಶಿಕ್ಷಕರ ನಡುವಿನಿಂದಲೇ ಮಾಸ್ಟರ್ ಟ್ರೈನರ್‌ಗಳನ್ನು ಆರಿಸಿ, ಆ ಕೆಲಸಕ್ಕೇ ನಿಯೋಜಿಸಿದರು. ಅವರು ಜಿಲ್ಲೆಯ ಶಾಲೆಗಳನ್ನು ಸುತ್ತಿ ಸಹೋದ್ಯೋಗಿಗಳಿಗೆ ಕಲಿಸಿದರು, ಯಂತ್ರ ಕೆಟ್ಟಾಗ ಬಂದರು, ಪಾಠ ನಿಂತಾಗಲೂ ಬಂದರು.

ಎರಡನೆಯ ನಿರ್ಧಾರ ತಂತ್ರಾಂಶದ್ದು. ಹಣ ಕೊಟ್ಟು ಪರವಾನಗಿ ಕೊಳ್ಳುವ ತಂತ್ರಾಂಶಗಳನ್ನು ಬಿಟ್ಟು, ಲಿನಕ್ಸ್ ಆಧರಿಸಿದ ಮುಕ್ತ ತಂತ್ರಾಂಶವನ್ನು ಶಾಲೆಗಳಿಗೆ ಹೊಂದಿಸಿ ಕೊಟ್ಟರು. ಶಿಕ್ಷಕರು ಅದನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯಬಹುದು, ಮಗಳ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಮನೆಯಲ್ಲೂ ಅದೇ, ಶಾಲೆಯಲ್ಲೂ ಅದೇ ಎಂದಾದಾಗ ಅಭ್ಯಾಸಕ್ಕೆ ತಡೆಯಿರುವುದಿಲ್ಲ. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಮುಂದೆ ಸುಮಾರು 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಹೋದವು. ಯಂತ್ರ ಹೋಗುವ ಹೊತ್ತಿಗೆ ಶಿಕ್ಷಕರ ತಯಾರಿಗೆ ಹದಿನೈದು ವರ್ಷ ಆಗಿತ್ತು ಎಂಬುದನ್ನು ನಮ್ಮ ಯೋಜಕರು ಗಮನಿಸಬೇಕು. 2024ರಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಶಿಕ್ಷಕರಿಗೆ ಮೂರು ದಿನಗಳ ತರಬೇತಿ ಆರಂಭಿಸಲು ಅವರಿಗೆ ಹೊಸ ವ್ಯವಸ್ಥೆ ಕಟ್ಟಬೇಕಾಗಿ ಬರಲಿಲ್ಲ.

ಈ ಕಥೆಯಲ್ಲಿ ಕನ್ನಡಿಗರ ಪಾಲೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರ್ಕಾರ ಕನ್ನಡದಲ್ಲಿ ಅಚ್ಚು ಹಾಕಿಸಿದ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಓದುತ್ತಾರೆ. ಗಡಿಯಾಚೆಗಿನ ಈ ಪುಸ್ತಕಗಳನ್ನು ನಮ್ಮ ಇಲಾಖೆಯವರು ಒಮ್ಮೆ ತರಿಸಿ ನೋಡಲಿ ಎಂಬುದು ನನ್ನ ಆಸೆ.

ನಮ್ಮಲ್ಲೂ ಆಗಿತ್ತು

ಕರ್ನಾಟಕ ಸುಮ್ಮನೆ ಕೂತಿರಲಿಲ್ಲ. ಶಿಕ್ಷಕರೇ ಮುಂದೆ ನಿಂತು ಶಿಕ್ಷಣ ಬದಲಿಸಿದ ಪರಂಪರೆ ನಮ್ಮದು. 1995ರಲ್ಲಿ ಹೆಗ್ಗಡದೇವನ ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಬಂದು, ಕಂಡದ್ದನ್ನು ತಮ್ಮ ಶಾಲೆಗಳಿಗೆ ಒಗ್ಗಿಸಿಕೊಂಡು ಕಟ್ಟಿದ ‘ನಲಿ-ಕಲಿ’ ಬೋಧನಾ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ತಂತ್ರಜ್ಞಾನದಲ್ಲಿ ಅಂಥ ಆರಂಭ 2011ರಲ್ಲಿ ಆಯಿತು. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ವಿಷಯವಾರು ವೇದಿಕೆಗಳನ್ನು ರೂಪಿಸಿದವು. ಡಯಟ್‌ಗಳಲ್ಲಿ ಕಾರ್ಯಾಗಾರ ನಡೆದವು. ಬಳಸಿದ್ದು ಉಬುಂಟು ಎಂಬ ಮುಕ್ತ ತಂತ್ರಾಂಶ. ಗಣಿತದವರಿಗೆ ಜಿಯೋಜೀಬ್ರಾ, ವಿಜ್ಞಾನದವರಿಗೆ ಫೆಟ್, ಭೂಗೋಳಕ್ಕೆ ಮಾರ್ಬಲ್ ಎಂಬ ಭೂಗೋಳ ತಂತ್ರಾಂಶ, ಪಾಠದ ನಕ್ಷೆ ಬಿಡಿಸಲು ಫ್ರೀಮೈಂಡ್. ಕಾರ್ಯಾಗಾರ ಮುಗಿದ ಮೇಲೂ ಶಿಕ್ಷಕರು ಇ-ಮೇಲ್ ಮೂಲಕ ಪರಸ್ಪರ ಬರೆಯುತ್ತಿದ್ದರು. ಒಂದು ಜಿಲ್ಲೆಯವರು ಪ್ರಮೇಯದ ಕುರಿತು ಕೇಳಿದ ಸಂದೇಹಕ್ಕೆ ಇನ್ನೊಂದು ಜಿಲ್ಲೆಯಿಂದ ಉತ್ತರ ಬರುತ್ತಿತ್ತು. ಏಕೈಕ ಗಣಿತ ಶಿಕ್ಷಕರಿರುವ ಹಳ್ಳಿಯ ಪ್ರೌಢಶಾಲೆಯವರಿಗೆ ತಮ್ಮ ವಿಷಯದ ಬಗ್ಗೆ ಮಾತಾಡಲು ಶಾಲೆಯಲ್ಲಿ ಯಾರೂ ಇರುವುದಿಲ್ಲ. ಆ ಒಂಟಿತನ ನೀಗಿದ್ದು ಈ ಪ್ರಯತ್ನದ ಬಹು ದೊಡ್ಡ ಫಲ ಎಂದು ನಾನು ತಿಳಿದಿದ್ದೇನೆ.

2013ರಲ್ಲಿ ಇದರ ಜೊತೆಗೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ಬಂತು. ವಿಕಿಪೀಡಿಯದ ಹಾಗೆ ಅಲ್ಲಿ ಶಿಕ್ಷಕರೇ ಪಾಠ ಬರೆಯಬಹುದು, ತಿದ್ದಬಹುದು, ಕನ್ನಡದಲ್ಲೇ ಬರೆಯಬಹುದು. ಬೇರೆಯವರು ಮಾಡಿದ ಸಾಮಗ್ರಿಯನ್ನು ಹಂಚುವವರಾಗಿದ್ದ ಶಿಕ್ಷಕರು ಸ್ವತಃ ಬರೆಯುವವರಾದರು.

ಬರೆಯಲು ಹೊರಟಾಗ ಎದುರಾದ ಮೊದಲ ತೊಡಕು ಕನ್ನಡ ಟೈಪಿಂಗ್. ನಮ್ಮ ಶಾಲೆ-ಕಚೇರಿಗಳಲ್ಲಿ ಬೇರೂರಿರುವುದು ‘ನುಡಿ’. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದಾಗಿ ಬೆರಳಿಗೆ ಅದು ಸುಲಭ. ಆದರೆ ಹಳೆಯ ನುಡಿ ಅಕ್ಷರಗಳಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಬೇರೆ ಕಂಪ್ಯೂಟರಿಗೋ ಫೋನಿಗೋ ಕಳಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡ್ ಎಂಬ ಜಾಗತಿಕ ಸಂಕೇತಕ್ಕೆ ಹೊರಳಿದ ಮೇಲೆಯೇ ಕನ್ನಡದ ಪಾಠ ಎಲ್ಲ ಪರದೆಗಳಲ್ಲೂ ಓದಲು ಬರುವುದು, ಹುಡುಕಿದರೆ ಸಿಗುವುದು. ಇಷ್ಟು ಸಣ್ಣ ವಿಷಯವನ್ನು ತಾಳ್ಮೆಯಿಂದ ಹೇಳಿಕೊಡುವವರು ಪಕ್ಕದಲ್ಲಿಲ್ಲದೆ ಎಷ್ಟೋ ಉತ್ಸಾಹಿಗಳು ಹಿಂದೆ ಸರಿದಿದ್ದಾರೆ.

2016-17ರ ಸುಮಾರಿಗೆ ರಾಜ್ಯ ಸರ್ಕಾರ ‘ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ’ವನ್ನು ತಂದಿತು. ಶಿಕ್ಷಕರ ಬಾಯಲ್ಲಿ ಅದು ‘ಟಾಲ್ಪ್’. ಡಯಟ್‌ಗಳಲ್ಲಿ ಹತ್ತು ಹತ್ತು ದಿನಗಳ ಎರಡು ಹಂತದ ತರಬೇತಿ, ಪ್ರೌಢಶಾಲೆಗಳಿಗೆ ಉಪಕರಣ, ಪಾಠಗಳಿಗೆ ಡಿಜಿಟಲ್ ಸಾಮಗ್ರಿ. ಆರಂಭದಲ್ಲಿ ಕಂಡ ದೃಶ್ಯ ಇಂಥ ತರಬೇತಿಯದೇ. ಎರಡು ದಿನದ ಭಾಷಣಕ್ಕೆ ಹೋಲಿಸಿದರೆ ಹತ್ತು ದಿನ ಕೈಯಾರೆ ಮಾಡುವ ತರಬೇತಿ ದೊಡ್ಡ ಹೆಜ್ಜೆ.

ಕಾಲುವೆಯ ಕೊನೆಯ ಗದ್ದೆ

ಆದರೂ ಬಹುಪಾಲು ತರಬೇತಿಗಳು ಇಂದಿಗೂ ಹಳೆಯ ದಾರಿಯಲ್ಲೇ ನಡೆಯುತ್ತವೆ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ಐದು ದಿನ ಹೇಳಿಕೊಡುವುದು, ಅವರು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿಗೆ ಮೂರು ದಿನ ಹೇಳುವುದು, ಅವರು ತಾಲ್ಲೂಕಿನಲ್ಲಿ ಎರಡು ದಿನ, ಕೊನೆಗೆ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಮಧ್ಯಾಹ್ನ. ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತರನ್ನು ಕೇಳಿದರೆ ಇದರ ಫಲಿತಾಂಶ ಹೇಳುತ್ತಾರೆ. ಮೇಲಿನವರಿಗೆ ನೀರು ಸಿಕ್ಕಿರುತ್ತದೆ, ದಾಖಲೆಯಲ್ಲಿ ಕೊನೆಯ ಗದ್ದೆಗೂ ಬಿಟ್ಟಿರುತ್ತಾರೆ, ಗದ್ದೆ ಮಾತ್ರ ಒಣಗಿರುತ್ತದೆ.

ತರಬೇತಿ ಹೇಗಿದ್ದರೆ ತರಗತಿಗೆ ಇಳಿಯುತ್ತದೆ ಎಂಬುದನ್ನು ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಪರಿಶೀಲಿಸಿದ್ದರು. ಉಪನ್ಯಾಸ ಕೇಳಿಸಿದರೆ, ಮಾಡಿ ತೋರಿಸಿದರೆ, ಅಲ್ಲೇ ಅಭ್ಯಾಸ ಮಾಡಿಸಿದರೆ ಶಿಕ್ಷಕರಿಗೆ ವಿಷಯ ತಿಳಿಯುತ್ತದೆ. ಆದರೆ ಶಾಲೆಗೆ ಹೋದ ಮೇಲೆ ಅದನ್ನು ಬಳಸುವವರು ಕಡಿಮೆ. ಸಹೋದ್ಯೋಗಿಯೊಬ್ಬರು ತರಗತಿಗೆ ಬಂದು ಕೂತು, ನೋಡಿ, ಪಾಠದ ನಂತರ ಮಾತಾಡುವ ಏರ್ಪಾಡು ಇದ್ದಲ್ಲಿ ಬಳಕೆ ಗಟ್ಟಿಯಾಗಿ ಉಳಿಯುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆಂದೇ ಕ್ಲಸ್ಟರ್ ಮತ್ತು ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಸಿ.ಆರ್.ಪಿ., ಬಿ.ಆರ್.ಪಿ.ಗಳಿದ್ದಾರೆ. ಆದರೆ ಅವರ ದಿನದ ಬಹುಪಾಲು ಅಂಕಿ-ಅಂಶ ಸಂಗ್ರಹಿಸಿ ಮೇಲಕ್ಕೆ ಕಳಿಸುವುದರಲ್ಲೇ ಕಳೆಯುತ್ತದೆ. ಶಾಲೆಗೆ ಬಂದವರು ಹಾಜರಾತಿ ನೋಡುತ್ತಾರೆ, ಬಿಸಿಯೂಟದ ಲೆಕ್ಕ ನೋಡುತ್ತಾರೆ. ಪಾಠದಲ್ಲಿ ಕೂರಲು ಹೊತ್ತಿರುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಕೆಲಸದ ಪಟ್ಟಿಯನ್ನು ಬದಲಿಸಬೇಕು.

ಫೋನಿನೊಳಗಿನ ತರಬೇತಿ

2017ರ ಶಿಕ್ಷಕರ ದಿನದಂದು ‘ದೀಕ್ಷಾ’ ಎಂಬ ರಾಷ್ಟ್ರೀಯ ವೇದಿಕೆ ಆರಂಭವಾಯಿತು. ಪಠ್ಯಪುಸ್ತಕದ ಪುಟದಲ್ಲಿರುವ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಸಂಬಂಧಿಸಿದ ವಿಡಿಯೊ ತೆರೆದುಕೊಳ್ಳುವುದು ಈ ವೇದಿಕೆಯಿಂದ. 2019ರ ಆಗಸ್ಟ್‌ನಲ್ಲಿ ಪ್ರಾಥಮಿಕ ಹಂತದ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿಯೊಂದಿಗೆ ‘ನಿಷ್ಠಾ’ ಎಂಬ ತರಬೇತಿ ಶುರುವಾಯಿತು. ಮುಖಾಮುಖಿ ನಡೆಯುತ್ತಿದ್ದ ಅದು ಕೊರೊನಾದಿಂದಾಗಿ 2020ರ ಅಕ್ಟೋಬರಿನಲ್ಲಿ 18 ಮಾಡ್ಯೂಲ್‌ಗಳ ಆನ್‌ಲೈನ್ ತರಬೇತಿಯಾಗಿ ಫೋನಿಗೆ ಬಂತು.

ಆ ದಿನಗಳನ್ನು ನೆನೆಸಿಕೊಂಡರೆ ನಮ್ಮ ಶಿಕ್ಷಕರ ಬಗ್ಗೆ ಗೌರವ ಹೆಚ್ಚುತ್ತದೆ. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ‘ವಿದ್ಯಾಗಮ’ದಲ್ಲಿ ಶಿಕ್ಷಕರು ಗುಡಿಯ ಜಗಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು, ಮಸಾಲೆ ಡಬ್ಬಿಗಳ ಮೇಲೆ ಫೋನ್ ನಿಲ್ಲಿಸಿ ಪಾಠ ಚಿತ್ರೀಕರಿಸಿದರು. ಯಂತ್ರಕ್ಕೆ ಹೆದರುತ್ತಿದ್ದ ಹಿರಿಯ ಶಿಕ್ಷಕರೂ ಕೆಲವೇ ವಾರಗಳಲ್ಲಿ ಕಲಿತರು, ಏಕೆಂದರೆ ಅವರಿಗೆ ಮಕ್ಕಳನ್ನು ತಲುಪಲೇಬೇಕಿತ್ತು. ಶಿಕ್ಷಕರಿಗೆ ಕಲಿಯುವ ಮನಸ್ಸಿಲ್ಲ ಎಂಬ ಆರೋಪ ಅಲ್ಲಿಗೆ ಬಿದ್ದುಹೋಗಬೇಕಿತ್ತು.

ಫೋನಿನ ತರಬೇತಿಗೆ ಅನುಕೂಲಗಳಿವೆ. ಪ್ರಯಾಣವಿಲ್ಲ, ಶಾಲೆ ಬಿಡಬೇಕಿಲ್ಲ, ಬೇಕಾದಾಗ ಮತ್ತೆ ನೋಡಬಹುದು. ಕೊರತೆಯೂ ಅಷ್ಟೇ ಸ್ಪಷ್ಟ. ವಿಡಿಯೊ ಕೊನೆಯವರೆಗೆ ಓಡಿದರೆ, ಪ್ರಶ್ನೆಗಳಿಗೆ ಸರಿಯುತ್ತರ ಒತ್ತಿದರೆ ಪ್ರಮಾಣಪತ್ರ ಬರುತ್ತದೆ. ಇಷ್ಟು ತಾರೀಕಿನೊಳಗೆ ಮುಗಿಸಿ ಎಂಬ ಸಂದೇಶ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಕಚೇರಿಯಿಂದ ಬರುತ್ತದೆ. ಹೀಗಾದಾಗ ತರಬೇತಿಯೂ ತುಂಬಿ ಕಳಿಸಬೇಕಾದ ಇನ್ನೊಂದು ನಮೂನೆಯಾಗಿಬಿಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕು ಎನ್ನುತ್ತದೆ. ಆ 50 ಗಂಟೆಯನ್ನು ವಿಡಿಯೊ ನೋಡಿ ಮುಗಿಸುವುದೇ ಆದರೆ ನೀತಿಯ ಉದ್ದೇಶ ಸೋಲುತ್ತದೆ. ಅದರಲ್ಲಿ ಅರ್ಧವನ್ನಾದರೂ ಶಿಕ್ಷಕರು ಒಬ್ಬರ ಪಾಠವನ್ನೊಬ್ಬರು ನೋಡಿ ಚರ್ಚಿಸಲು ಮೀಸಲಿಡಬೇಕು.

ಶಾಲೆಗೆ ಮರಳಿದ ಮೇಲೆ

ದೇಶದ ಶಾಲೆಗಳ ಲೆಕ್ಕವಿಡುವ ಯು-ಡೈಸ್ ಪ್ಲಸ್ 2023-24ರ ವರದಿಯ ಪ್ರಕಾರ ಕೆಲಸ ಮಾಡುವ ಕಂಪ್ಯೂಟರ್ ಇರುವ ಶಾಲೆಗಳು ಶೇ 57ರಷ್ಟು, ಇಂಟರ್‌ನೆಟ್ ಇರುವವು ಶೇ 54ರಷ್ಟು. ಉಳಿದ ಶಾಲೆಗಳ ಶಿಕ್ಷಕರು ತರಬೇತಿಯಲ್ಲಿ ಕಲಿತದ್ದನ್ನು ಮಾಡಿ ನೋಡುವುದೆಲ್ಲಿ? ಕಂಪ್ಯೂಟರ್ ಇರುವ ಕಡೆಯೂ ಯು.ಪಿ.ಎಸ್. ಬ್ಯಾಟರಿ ಸತ್ತಿರುತ್ತದೆ, ದುರಸ್ತಿಗೆ ಅನುದಾನ ಬಂದಿರುವುದಿಲ್ಲ. ಕಳುವಾದರೆ, ಕೆಟ್ಟರೆ ಹೊಣೆ ತಮ್ಮ ತಲೆಗೆ ಬರುತ್ತದೆಂಬ ಭಯದಲ್ಲಿ ಮುಖ್ಯ ಶಿಕ್ಷಕರು ಕೊಠಡಿಗೆ ಬೀಗ ಹಾಕಿಡುತ್ತಾರೆ. ಆ ಭಯ ನಿಜವಾದದ್ದು. ಬಳಸಿದ್ದರಿಂದ ಕೆಟ್ಟ ಯಂತ್ರಕ್ಕೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂಬ ಒಂದು ಸುತ್ತೋಲೆ ಹಲವು ತರಬೇತಿಗಳಷ್ಟೇ ಕೆಲಸ ಮಾಡೀತು.

ಹೊತ್ತಿನ ಕೊರತೆ ಇದಕ್ಕಿಂತ ದೊಡ್ಡದು. ನಲವತ್ತೈದು ನಿಮಿಷದ ಪೀರಿಯಡ್‌ನಲ್ಲಿ ಪ್ರೊಜೆಕ್ಟರ್ ಜೋಡಿಸಿ, ಕಿಟಕಿ ಮುಚ್ಚಿ, ಮಕ್ಕಳನ್ನು ಕೂರಿಸುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಇತ್ತ ‘ಸ್ಯಾಟ್ಸ್’ ತಂತ್ರಾಂಶಕ್ಕೆ ಮಕ್ಕಳ ವಿವರ ತುಂಬುವುದು, ಅಂಕ ಏರಿಸುವುದು, ಫೋಟೊ ಕಳಿಸುವುದು ಶಿಕ್ಷಕರ ಮೇಲೆಯೇ. ಇಂದು ಸರ್ಕಾರಿ ಶಾಲೆಯ ಅನೇಕ ಶಿಕ್ಷಕರು ದಿನವೂ ತಂತ್ರಜ್ಞಾನ ಬಳಸುತ್ತಾರೆ, ಆದರೆ ಇಲಾಖೆಗೆ ಮಾಹಿತಿ ಕೊಡಲು. ಮಕ್ಕಳಿಗೆ ಪಾಠ ಮಾಡಲು ಬಳಸುವ ಹೊತ್ತಿಗೆ ದಿನ ಮುಗಿದಿರುತ್ತದೆ.

ತಯಾರಿಯಿಲ್ಲದೆ ಯಂತ್ರ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಪೆರು ದೇಶದ ಅನುಭವ ಕಣ್ಣ ಮುಂದಿದೆ. ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಅಲ್ಲಿ ಲಕ್ಷಾಂತರ ಯಂತ್ರ ಹಂಚಿದರು. 2012ರಲ್ಲಿ ಪ್ರಕಟವಾದ ಅಧ್ಯಯನ, 319 ಶಾಲೆಗಳನ್ನು ಪರಿಶೀಲಿಸಿ, ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಹೆಚ್ಚಳ ಕಾಣಲಿಲ್ಲ ಎಂದು ಹೇಳಿತು. ಯಂತ್ರ ಕೈಗೆ ಬಂದಿತ್ತು, ಪಾಠ ಮೊದಲಿದ್ದಂತೆಯೇ ಇತ್ತು.

ಊರವರು ಮಾಡಬಹುದಾದದ್ದು

ಈಗ ಸ್ಮಾರ್ಟ್ ಬೋರ್ಡ್‌ಗಳ ಕಾಲ. ಶಾಸಕರ ನಿಧಿ, ಕಂಪನಿಗಳ ಸಾಮಾಜಿಕ ನಿಧಿ, ಹಳೆಯ ವಿದ್ಯಾರ್ಥಿಗಳ ಸಂಘ, ಎಲ್ಲರೂ ಶಾಲೆಗೊಂದು ಬೋರ್ಡ್ ಕೊಡಿಸಿ ಉದ್ಘಾಟನೆ ಮಾಡಲು ಉತ್ಸುಕರು. ಅವರ ಪ್ರೀತಿ ದೊಡ್ಡದು. ಬೋರ್ಡ್‌ಗಳ ಬೆನ್ನಿಗೇ ಕೃತಕ ಬುದ್ಧಿಮತ್ತೆ ಬಂದಿದೆ. ಪಾಠ ಯೋಜನೆ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಕ್ಷಣದಲ್ಲಿ ಬರೆದುಕೊಡುತ್ತದೆ. ಅದು ಕೊಟ್ಟ ಕನ್ನಡ ಸರಿಯೇ, ಕೊಟ್ಟ ಉತ್ತರ ಸರಿಯೇ, ನನ್ನ ತರಗತಿಯ ಈ ಮಗುವಿಗೆ ಇದು ತಕ್ಕುದೇ ಎಂದು ತೀರ್ಮಾನಿಸುವವರು ವಿಷಯ ಬಲ್ಲ, ಮಕ್ಕಳನ್ನು ಬಲ್ಲ ಶಿಕ್ಷಕರೇ ಆಗಿರಬೇಕು. ಯಂತ್ರ ಚುರುಕಾದಷ್ಟೂ ಆ ತೀರ್ಮಾನದ ಭಾರ ಹೆಚ್ಚುತ್ತದೆ.

ಸರ್ಕಾರದಿಂದ ಆಗಬೇಕಾದದ್ದು ಬಹಳವಿದೆ. ಯಂತ್ರಕ್ಕೆ ಇಡುವ ಹಣದಲ್ಲಿ ನಿಶ್ಚಿತ ಪಾಲನ್ನು ತರಬೇತಿಯ ನಂತರದ ಬೆಂಬಲಕ್ಕೆ ತೆಗೆದಿಡಬೇಕು. ಸಿ.ಆರ್.ಪಿ.ಗಳನ್ನು ಅಂಕಿ-ಅಂಶದ ಕೆಲಸದಿಂದ ಬಿಡಿಸಿ ತರಗತಿಗೆ ಕಳಿಸಬೇಕು. ವಿಷಯವಾರು ಶಿಕ್ಷಕರ ವೇದಿಕೆಗಳನ್ನು ಹೊಸ ಹೆಸರಿನ ಹೊಸ ಯೋಜನೆ ಬಂದಾಗಲೆಲ್ಲ ಮರೆಯದೆ, ತಿಂಗಳಿಗೊಮ್ಮೆಯಾದರೂ ಕೆಲಸದ ಹೊತ್ತಿನಲ್ಲೇ ಸೇರುವಂತೆ ಮಾಡಬೇಕು.

ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಲ್ಲಿ, ತಾವು ಓದಿದ ಶಾಲೆಗೆ ಏನಾದರೂ ಕೊಡಬೇಕೆಂದು ಹಣ ಕೂಡಿಸುತ್ತಿರುವವರಲ್ಲಿ ಒಂದು ವಿನಂತಿ. ಅಂಗಡಿಗೆ ಹೋಗಿ ಬೋರ್ಡಿನ ಬೆಲೆ ವಿಚಾರಿಸುವ ಮೊದಲು ಶಾಲೆಗೆ ಹೋಗಿ, ಅಲ್ಲಿನ ಶಿಕ್ಷಕರ ಜೊತೆ ಅರ್ಧ ದಿನ ಕೂತುಕೊಳ್ಳಿ. ಯಾವ ಪಾಠ ಮಕ್ಕಳಿಗೆ ಕಷ್ಟವಾಗುತ್ತಿದೆ, ಅದಕ್ಕೆ ಯಾವ ಸಾಧನ ನೆರವಾದೀತು, ಅದನ್ನು ಬಳಸಲು ಅವರಿಗೆ ಯಾರಿಂದ ಏನು ಕಲಿಯಬೇಕಿದೆ ಎಂದು ಕೇಳಿ. ಅವರು ಬ್ಯಾಟರಿ ಬದಲಿಸಿಕೊಡಿ ಎಂದರೆ ಬ್ಯಾಟರಿ ಕೊಡಿಸಿ. ಪಕ್ಕದ ತಾಲ್ಲೂಕಿನಲ್ಲಿ ಚೆನ್ನಾಗಿ ಪಾಠ ಮಾಡುವ ಶಿಕ್ಷಕರೊಬ್ಬರನ್ನು ಎರಡು ದಿನ ಕರೆಸಿಕೊಡಿ ಎಂದರೆ ಅವರನ್ನು ಕರೆಸಿಕೊಡಿ.